ಅಲಾಸ್ಕಾದ ಆ ಡೀಸೆಲ್ ಎಂಜಿನ್‌ಗಳು ಎಲ್ಲಿಗೆ ಹೋದವು?

ವೈಟ್ ಪಾಸ್ ಅಂಡ್ ಯುಕಾನ್ ರೂಟ್ ಅಂತ ಒಂದು ರೈಲುಮಾರ್ಗ. ಅಲಾಸ್ಕಾದ ಸ್ಕಾಗ್ವೆ ಬಂದರಿನಿಂದ ಬೆಟ್ಟ ಹತ್ತಿ ಕೆನಡಾದ ವೈಟ್‌ಹಾರ್ಸ್‌ವರೆಗೆ 177 ಕಿ.ಮೀ., ಹಳಿಯ ಅಗಲ ಬರೀ ಮೂರಡಿ. ಫ್ಯಾರೊ ಗಣಿಯ ಸೀಸ, ಸತುವಿನ ಅದಿರು ಹೊತ್ತೇ ಅದು ಬದುಕಿದ್ದು. 1982ರಲ್ಲಿ ಗಣಿ ಮುಚ್ಚಿತು, ಅಕ್ಟೋಬರ್‌ನಲ್ಲಿ ರೈಲೂ ನಿಂತಿತು.

ಸಕಲೇಶಪುರದ ಕಡೆಯವನಾದ ನನಗೆ ಅದರ ಗೊಡವೆ ಯಾಕೆ ಅಂದರೆ, ಅಲ್ಲಿನ ಎಂಜಿನ್‌ಗಳು ನಮ್ಮ ಘಾಟಿ ಹತ್ತುತ್ತಿದ್ದ ವೈಡಿಎಂ-4 ಡೀಸೆಲ್ ಎಂಜಿನ್‌ಗಳ ಒಡಹುಟ್ಟುಗಳು. ಎರಡೂ ಅಮೆರಿಕದ ರೈಲು ಎಂಜಿನ್ ಕಂಪನಿ ಆಲ್ಕೊದ ಡಿಎಲ್535 ಮಾದರಿಯ ಮನೆತನ, ಎರಡರ ಹೊಟ್ಟೆಯಲ್ಲೂ ಆರು ಸಿಲಿಂಡರ್‌ನ 251 ಎಂಬ ಡೀಸೆಲ್ ಯಂತ್ರ. ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಆಗಿದ್ದಾಗ ಸುಬ್ರಹ್ಮಣ್ಯದಿಂದ ಏರಿ ಬರುವ ಗಾಡಿ ನೋಡಿದವರಿಗೆ ಗೊತ್ತು: ಡ್ರೈವರ್ ನಾಚ್, ಅಂದರೆ ಶಕ್ತಿಯ ಹಂತ, ಏರಿಸಿದ ಕೂಡಲೇ ಕೊಳವೆಯಿಂದ ಕಪ್ಪು ಹೊಗೆ ಭುಗ್ಗನೆ ಏಳುತ್ತಿತ್ತು. ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ವೇಗ ಹಿಡಿದ ಮೇಲೆ ಹೊಗೆ ತೆಳುವಾಗಿ, ಗುಡುಗುಡು ಸದ್ದು ಒಂದು ಹದಕ್ಕೆ ಬರುತ್ತಿತ್ತು. ಸ್ಕಾಗ್ವೆಯ ವಿಡಿಯೊಗಳಲ್ಲಿ ಅದೇ ಸದ್ದು ಕೇಳಿ ಮೈ ಜುಮ್ಮೆಂದಿತು. ಹುಡುಕಾಟ ಶುರುವಾಗಿದ್ದೇ ಅಲ್ಲಿಂದ.

1969ರಲ್ಲಿ ವೈಟ್ ಪಾಸ್‌ಗೆ ಮಾಂಟ್ರಿಯಲ್‌ನಿಂದ ಬಂದವು ಏಳು ಎಂಜಿನ್, ನಂಬರ್ 101ರಿಂದ 107. ಅದೇ ವರ್ಷ ಸ್ಕಾಗ್ವೆಯ ಶೆಡ್‌ಗೆ ಬೆಂಕಿ ಬಿದ್ದು 102, 105 ಸುಟ್ಟುಹೋದವು. ಉಳಿದ ಐದನ್ನು 1992ರಲ್ಲಿ ಕೊಲಂಬಿಯಾಕ್ಕೆ ಮಾರಿದರು. ಅಷ್ಟು ದೂರ ಯಾಕೆ? ಅಲ್ಲಿನ ಹಳಿಯೂ ಮೂರಡಿಯದು. ಅಗಲ ಹಳಿಯ ಅಮೆರಿಕದ ದೊಡ್ಡ ರೈಲು ಕಂಪನಿಗಳಿಗೆ ಇವು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಇತ್ತ ವೈಟ್ ಪಾಸ್ 1988ರಲ್ಲೇ ಪ್ರವಾಸಿ ರೈಲಾಗಿ ಮತ್ತೆ ಶುರುವಾಗಿತ್ತು. 1999ರಲ್ಲಿ ಆ ಐದೂ ಹಡಗು ಹತ್ತಿ ತವರಿಗೆ ವಾಪಸಾದವು! ಇದನ್ನು ಓದಿದ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ 1982ರಲ್ಲಿ ಕೆನಡಾದ ಬಂಬಾರ್ಡಿಯರ್ ಕಂಪನಿ ವೈಟ್ ಪಾಸ್‌ಗೆಂದು ಕಟ್ಟಿದ ನಾಲ್ಕು ಎಂಜಿನ್. ಅವು ಸಿದ್ಧವಾಗುವ ಹೊತ್ತಿಗೆ ಎಳೆಯಲು ಅದಿರೇ ಇರಲಿಲ್ಲ. ವರ್ಷಗಟ್ಟಲೆ ಕಾದು, ಮೂರು ಕ್ಯಾಲಿಫೋರ್ನಿಯಾದ ಮರುಭೂಮಿಗೆ, ಪ್ಲಾಸ್ಟರ್ ಸಿಟಿಯ ಜಿಪ್ಸಮ್ ಕ್ವಾರಿ ರೈಲಿಗೆ ಹೋದವು. ಹಿಮದ ಘಾಟಿಗೆಂದು ಹುಟ್ಟಿದವು ಬಿಸಿಲಲ್ಲಿ ಕಲ್ಲು ಹೊತ್ತವು. ಅದೂ ಮೂರಡಿಯ ಹಳಿಯೇ. ನಾಲ್ಕನೆಯದಾದ ನಂಬರ್ 114 ಮಾತ್ರ ತಡವಾಗಿ ಸ್ಕಾಗ್ವೆ ಸೇರಿತು. ಈಚೆಗೆ ಹೊಸ ಎಂಜಿನ್‌ಗಳು ಬಂದ ಮೇಲೆ ಹಳೆಯವು ಕೆಲವು ಕೊಲರಾಡೊದ ಡುರಾಂಗೊ–ಸಿಲ್ವರ್ಟನ್ ಮಾರ್ಗಕ್ಕೆ ಹೋಗಿವೆ. ಆ ಹಳಿಯ ಅಗಲ ಎಷ್ಟಿರಬಹುದೆಂದು ನೀವೇ ಹೇಳಬಲ್ಲಿರಿ.

ನಮ್ಮ ದೇಶದ ವೈಡಿಎಂ-4ಗಳೂ ಹೀಗೆಯೇ ಮೀಟರ್ ಗೇಜ್ ಇದ್ದಲ್ಲಿಗೆ, ಮಲೇಶಿಯಾಕ್ಕೆ, ಮ್ಯಾನ್ಮಾರ್‌ಗೆ ಹೋದವು. ಅವುಗಳಲ್ಲಿ ನಮ್ಮ ಘಾಟಿ ಹತ್ತಿದವು ಯಾವುವು ಅಂತ ಈಗ ಪಟ್ಟಿ ಮಾಡಲು ಕೂತಿದ್ದೇನೆ. ಸಕಲೇಶಪುರ, ದೋಣಿಗಲ್, ಎಡಕುಮೇರಿ ಕಡೆ ಮೀಟರ್ ಗೇಜ್ ಕಾಲದಲ್ಲಿ, ಅಂದರೆ 1996ಕ್ಕೆ ಮುಂಚೆ ತೆಗೆದ ಫೋಟೊ ನಿಮ್ಮ ಮನೆಯ ಆಲ್ಬಮ್‌ನಲ್ಲಿದ್ದರೆ ದಯವಿಟ್ಟು ಕಳಿಸಿ. ಫೋಟೊ ಮಸುಕಾಗಿದ್ದರೂ ಪರವಾಗಿಲ್ಲ, ಎಂಜಿನ್ ನಂಬರ್ ಓದುವಂತಿದ್ದರೆ ಸಾಕು.