ಆರನೇ ವರ್ಷದ ಹಲ್ಲು

ಭಾನುವಾರ, 17 ನವೆಂಬರ್ 2024

ಆ ಹುಡುಗನ ಹಲ್ಲು ತಲೆಯಿಂದ ಹೋಗುತ್ತಿಲ್ಲ. ಪಾವಗಡದ ಹಲ್ಲಿನ ಶಿಬಿರದಿಂದ ಬಂದು, ಊಟ ಮುಗಿಸಿ, ಲೈಟ್ ಆರಿಸಿ ಮಲಗಿದವಳು ಮತ್ತೆ ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ.

ಎಂಟು ವರ್ಷ ಇರಬಹುದು ಅವನಿಗೆ. ಎಡಗಡೆ ಕೆಳಗಿನ ದವಡೆ ಹಲ್ಲು ಪೂರ್ತಿ ಟೊಳ್ಳು, ಸುತ್ತ ಗೋಡೆ ಮಾತ್ರ ನಿಂತಿದೆ. ಪಕ್ಕದ ಒಸಡಿನ ಮೇಲೆ ಸಣ್ಣ ಕೀವಿನ ಗುಳ್ಳೆ. ಅವರಮ್ಮ ಕಡಲೆಕಾಯಿ ಕೀಳೋ ಕೂಲಿ ಬಿಟ್ಟು ಕರೆದುಕೊಂಡು ಬಂದಿದ್ದರು, ಕಾಲಲ್ಲಿ ಇನ್ನೂ ಹೊಲದ ಮಣ್ಣಿತ್ತು.

"ಕಿತ್ತಾಕಿಬಿಡಿ ಮೇಡಂ. ಹಾಲಲ್ಲು ತಾನೆ, ಮತ್ತೆ ಬರುತ್ತೆ."

"ಇದು ಹಾಲಲ್ಲಲ್ಲ ಅಕ್ಕ. ಆರನೇ ವರ್ಷಕ್ಕೆ ಬರೋ ಹಲ್ಲು. ಕಿತ್ತರೆ ಇನ್ನೊಂದು ಬರಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಆ ಜಾಗದಲ್ಲಿ ಹಲ್ಲೇ ಬಿದ್ದಿರಲಿಲ್ವಲ್ಲ ಮೇಡಂ. ಬೀಳದೆ ಹೊಸದು ಹೆಂಗೆ ಬರುತ್ತೆ?"

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ! ಮುಂದಿನ ಹಲ್ಲು ಬಿದ್ದು ಹೊಸದು ಬಂದರೆ ಮನೆಯವರೆಲ್ಲ ನೋಡುತ್ತಾರೆ. ಈ ದವಡೆ ಹಲ್ಲು ಮಾತ್ರ ಹಾಲುಹಲ್ಲುಗಳ ಹಿಂದೆ, ಏನೂ ಬೀಳದೆ ಸದ್ದಿಲ್ಲದೆ ಬಂದು ನಿಲ್ಲುತ್ತೆ. ಮೇಲ್ಭಾಗದಲ್ಲಿ ಆಳವಾದ ಗೆರೆಗಳು, ಬ್ರಷ್ ಅಷ್ಟು ದೂರ ಹೋಗಲ್ಲ, ಅನ್ನ ಬಿಸ್ಕತ್ತು ಅಲ್ಲೇ ಕೂರುತ್ತೆ. ಅಮ್ಮಂದಿರಿಗೆ ಅದು ಹಾಲಲ್ಲೇ. ಜೀವಮಾನವೆಲ್ಲ ಅಗಿಯಬೇಕಾದ ಹಲ್ಲು ಎರಡೇ ವರ್ಷದಲ್ಲಿ ಹೋಗಿಬಿಡುತ್ತೆ. ಇದನ್ನು ಅವರಿಗೆ ಯಾರೂ ಹೇಳಿಲ್ಲ. ಬ್ರಷ್ಷು ಪೇಸ್ಟು ಮಾತ್ರ ಹೋದ ವರ್ಷವೂ ಯಾರೋ ಬಂದು ಹಂಚಿ ಹೋಗಿದ್ದರಂತೆ.

ಬೇರು ಇನ್ನೂ ಪೂರ್ತಿ ಬೆಳೆಯದ ಹಲ್ಲು ಅದು. ಉಳಿಸಬೇಕಂದರೆ ತುಮಕೂರಿಗೆ ಮೂರ್ನಾಲ್ಕು ಸಲ ಬರಬೇಕು, ಹತ್ತಿರ ಹತ್ತಿರ ನೂರು ಕಿಲೋಮೀಟರ್. "ಅಷ್ಟು ಸಲನಾ?" ಅಂದರು, ಅಷ್ಟೇ. ಬಸ್ ಚಾರ್ಜು, ಕೂಲಿ, ಮನೆಯಲ್ಲಿರೋ ಇನ್ನೊಂದು ಮಗು, ಎಲ್ಲ ಆ ಎರಡು ಮಾತಲ್ಲೇ ಇತ್ತು. ಮಾತ್ರೆ ಕೊಟ್ಟು ಚೀಟಿ ಬರೆದೆ. ಅದನ್ನು ನಾಲ್ಕು ಮಡಿಕೆ ಮಾಡಿ ಫೋನಿನ ಕವರ್ ಒಳಗೆ ಇಟ್ಟುಕೊಂಡರು. ಬರುತ್ತಾರೆ ಅಂತ ನಂಬಿದ್ದೇನೆ.

ಮಧ್ಯಾಹ್ನ ಕರೆಂಟ್ ಹೋಯಿತು. ಅದರಿಂದ ಒಳ್ಳೆಯದೇ ಆಯಿತು ಅನ್ನಬೇಕು. ಒಬ್ಬಳು ಹುಡುಗಿಗೆ ಅದೇ ಹಲ್ಲಿನಲ್ಲಿ ಸಣ್ಣ ಗುಂಡಿ. ಡ್ರಿಲ್ ಇಲ್ಲದೆ, ಸೂಜಿ ಇಲ್ಲದೆ, ಕೈ ಉಪಕರಣದಲ್ಲೇ ಮೆತ್ತಗಾದ ಹುಳುಕನ್ನು ಕೆರೆದು ತೆಗೆದೆ. ಹಲ್ಲು ತುಂಬೋ ಸಿಮೆಂಟ್ (ಗ್ಲಾಸ್ ಅಯಾನೊಮರ್) ಕಲಸಿ, ಹೊಳಪು ಹೋಗುವ ಮೊದಲೇ ತುಂಬಿ, ಗ್ಲೌಸ್ ಹಾಕಿದ ಬೆರಳಿಗೆ ವ್ಯಾಸಲಿನ್ ಸವರಿ ಒತ್ತಿ ಹಿಡಿದೆ. ಅವಳು ಅಳಲೇ ಇಲ್ಲ. ನನ್ನ ಬೆರಳಿನ ಪಕ್ಕದಿಂದಲೇ ಏನೋ ಮಾತಾಡೋಕೆ ನೋಡುತ್ತಿದ್ದಳು. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟ್ ಇಲ್ಲದ ಊರುಗಳಿಗೆ ಅಂತಲೇ ಶುರುವಾದ ವಿಧಾನ ಇದು. ಈ ಸಿಮೆಂಟನ್ನೂ ಫ್ಲೋರೈಡ್ ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ದೊಡ್ಡ ಕುರ್ಚಿ, ದೊಡ್ಡ ವ್ಯಾನ್ ಇಲ್ಲ ಅಂತ ಯಾವ ಊರನ್ನೂ ಬಿಡಬೇಕಾಗಿಲ್ಲ.

ಪೇಸ್ಟ್ ಅಂದರೆ ಪಾವಗಡದಲ್ಲಿ ಇನ್ನೊಂದು ಚಿಂತೆ. ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಇಲ್ಲಿ ಎಷ್ಟೋ ಊರಲ್ಲಿ ದಾಟುತ್ತೆ. ಹೈಸ್ಕೂಲ್ ಹುಡುಗಿಯರು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಹಲ್ಲಿನ ಮೇಲಿನ ಆ ಕಂದು ಕಲೆ ಈ ನೀರಿನ ಫ್ಲೋರೈಡಿಂದ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಬಿದ್ದದ್ದು, ಉಜ್ಜಿದರೆ ಹೋಗಲ್ಲ. ಒಬ್ಬಳು ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಉಜ್ಜಿ ಹಲ್ಲು ಸವೆಸಿಕೊಂಡಿದ್ದಾಳೆ. ಅವಳು ಏನೂ ತಪ್ಪು ಮಾಡಿಲ್ಲ, ಕೊಳಕೂ ಅಲ್ಲ. ಇದನ್ನು ಅವಳಿಗೆ ಎರಡೆರಡು ಸಲ ಹೇಳಿದೆ. ಇಂಥ ಕಡೆ ಪೇಸ್ಟ್ ಸುಮ್ನೆ ಹಂಚಿ ಬರೋದಲ್ಲ. ಸಣ್ಣ ಮಕ್ಕಳಿಗೆ ಬಟಾಣಿ ಕಾಳಿನಷ್ಟೇ ಸಾಕು, ಸಿಹಿ ಅಂತ ನುಂಗಬಾರದು, ಕುಡಿಯೋಕೆ ಶುದ್ಧ ನೀರಿನ ಘಟಕದ ನೀರೇ ಆಗಬೇಕು. ಇಷ್ಟನ್ನೂ ಹೇಳಿಯೇ ಕೊಡಬೇಕು.

ಇವತ್ತು ನನಗೆ ಧೈರ್ಯ ಕೊಟ್ಟವರು ಅಂಗನವಾಡಿ ಟೀಚರ್. ಜನ ಕಡಿಮೆಯಾದ ಮೇಲೆ ಹತ್ತಿರ ಬಂದು, "ಮೇಡಂ, ಆ ಆರನೇ ವರ್ಷದ ಹಲ್ಲು ಯಾವುದು ಅಂತ ನಂಗೂ ತೋರಿಸಿ" ಅಂದರು. ತಮ್ಮ ಮಗಳನ್ನೇ ಕೂರಿಸಿ, ಮೊಬೈಲ್ ಟಾರ್ಚ್ ಹಾಕಿ, ಹಿಂದಿನಿಂದ ಎಣಿಸಿದರು. ಆಮೇಲೆ ಸುತ್ತ ಇದ್ದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿ ನೋಡಿದರು. "ಇವನಿಗೆ ಈಗ ಹುಟ್ತಾ ಇದೆ, ಅಲ್ವಾ?" ಹೌದು, ಒಸಡು ಸೀಳಿಕೊಂಡು ಬಿಳಿ ತುದಿ ಕಾಣುತ್ತಿತ್ತು. ನಾವು ವ್ಯಾನ್ ಹತ್ತಿ ಬರುತ್ತೇವೆ. ಅವರು ದಿನಾ ಆ ಮಕ್ಕಳ ಜೊತೆ ಇರುತ್ತಾರೆ. ಮಕ್ಕಳು ಒಂದನೇ ಕ್ಲಾಸಿಗೆ ಹೋದ ಮೇಲೂ ಅದೇ ಬೀದಿಯಲ್ಲೇ ಓಡಾಡುತ್ತಾರೆ, ಕರೆದು ಬಾಯಿ ನೋಡ್ತೀನಿ ಅಂದರು.

ರಾತ್ರಿ ವರದಿ ತುಂಬಿಸೋಕೆ ಕೂತರೆ ಕಿತ್ತ ಹಲ್ಲೆಷ್ಟು, ಹಂಚಿದ ಬ್ರಷ್ ಎಷ್ಟು ಅಂತ ಕಾಲಂಗಳು. ಕಿತ್ತ ಹಲ್ಲು ಜಾಸ್ತಿ ಇದ್ದರೆ ಶಿಬಿರ ಯಶಸ್ವಿಯಂತೆ. ನನಗೆ ಇದು ಒಪ್ಪಿಗೆಯೇ ಇಲ್ಲ. ನೋವಿಗೆ ಕೀಳಲೇಬೇಕು, ಸರಿ. ಆದರೆ ಬರುವ ವರ್ಷ ಅದೇ ಊರಲ್ಲಿ ಕೀಳೋದು ಕಡಿಮೆಯಾಯಿತಾ ಅಂತ ಕೇಳಬೇಕು, ಅದಕ್ಕೆ ಅದೇ ಊರಿಗೇ ಮತ್ತೆ ಹೋಗಬೇಕು. ಮುಂದಿನ ಮೀಟಿಂಗಿನಲ್ಲಿ ಹೇಳುತ್ತೇನೆ.

ಹಾ, ಆ ತಾತ. ಕೆನ್ನೆಯೊಳಗೆ ಹೊಗೆಸೊಪ್ಪು ಇಡೋ ಜಾಗದಲ್ಲೇ ಬಿಳಿ ಮಚ್ಚೆ, ಉಜ್ಜಿದರೂ ಹೋಗದ್ದು. ನೋವಿಲ್ಲ ಅಂತ ನಗುತ್ತಿದ್ದರು. ನೋವಿಲ್ಲದಾಗಲೇ ತೋರಿಸಬೇಕು ತಾತ ಅಂದರೆ, ಸುಗ್ಗಿ ಮುಗೀಲಿ ಅಂದರು. ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು, ಕಾಯೋ ವಿಷಯ ಅಲ್ಲ. ಆಶಾ ಅಕ್ಕನಿಗೆ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಬೇಕು, ಅವರೇ ಜೊತೆಗೆ ಹೋಗೋಕೆ ಒಪ್ಪಿದರೆ ಬುಧವಾರದ ಬಸ್ಸಿಗೇ, ಇಲ್ಲ ಅಂದರೆ ತಾತನ ಮಗನ ನಂಬರ್ ತಗೊಂಡು…