ಅಲಾರಂ ಆಫ್ ಆಗಿರಲಿಲ್ಲ

ಅವತ್ತು ನನ್ನದು ರಾತ್ರಿ ಪಾಳಿ. ಬೇರೆ ದೇಶದ ಸಹೋದ್ಯೋಗಿಯೊಬ್ಬ ಫೋನ್ ಮಾಡಿ ಗಡಿಬಿಡಿಯಲ್ಲಿ ಎರಡೇ ಮಾತು ಹೇಳಿದ. "ದ ಪವರ್ ವೆಂಟ್ ಆಫ್. ದಿ ಅಲಾರಂ ವೆಂಟ್ ಆಫ್." ನಾನು ರಿಜಿಸ್ಟರಿನಲ್ಲಿ ನೀಟಾಗಿ ಬರೆದೆ: ಕರೆಂಟ್ ಹೋಗಿದೆ, ಅಲಾರಮ್ಮೂ ಬಂದ್ ಆಗಿದೆ.

ಅದು ಕೋಲ್ಡ್ ಸ್ಟೋರೇಜಿನ ಅಲಾರಂ. ಒಳಗೆ ಬಿಸಿ ಏರಿದರೆ ಕೂಗಿಕೊಳ್ಳುವುದೊಂದೇ ಅದರ ಕೆಲಸ. ಅದೇ ಕೈಕೊಟ್ಟರೆ? ಗಾಬರಿಯಾಗಿ ಮೇಲಿನವರನ್ನು ಎಬ್ಬಿಸಿದೆ. ಅವರು ಆ ಕಡೆಯ ಅಲಾರಂ ರಿಪೇರಿಯವನನ್ನು ಎಬ್ಬಿಸಿದರು. ಅರ್ಧ ಗಂಟೆ ಬಿಟ್ಟು ಅವನ ಫೋನ್ ಬಂತು. ಅವನ ದನಿಗಿಂತ ಮೊದಲು ಅಲಾರಂ ಕೇಳಿಸಿತು, ಕಿವಿ ತೂತಾಗುವ ಹಾಗೆ. "ಇದರಲ್ಲಿ ನಾನೇನು ರಿಪೇರಿ ಮಾಡಲಿ?" ಅಂದ.

ಕರೆಂಟ್ 'ವೆಂಟ್ ಆಫ್' ಅಂದರೆ ನಿಂತುಹೋಯಿತು. ಅಲಾರಂ 'ವೆಂಟ್ ಆಫ್' ಅಂದರೆ ಹೊಡೆದುಕೊಂಡಿತು! ಒಂದೇ ಉಸಿರಲ್ಲಿ ಹೇಳಿದ ಒಂದೇ ಮಾತು, ಅರ್ಥ ಮಾತ್ರ ಉಲ್ಟಾ.

ತಪ್ಪು ಎಲ್ಲಾಯಿತು ಅಂತ ಆಮೇಲೆ ಯೋಚಿಸಿದೆ. ನಮಗೆ 'ಆಫ್' ಪರಿಚಯವಾದದ್ದೇ ಸ್ವಿಚ್ಚಿನಿಂದ ಅಲ್ವಾ? ಫ್ಯಾನ್ ಆಫ್, ಫೋನ್ ಆಫ್, ಮೂಡೂ ಆಫ್. ಆಫ್ ಅಂದಮೇಲೆ ಮುಗೀತು. ಆದರೆ ಇಂಗ್ಲಿಷಿನವರಿಗೆ ಅದು ಮೊದಲಿಗೆ 'ಬಿಟ್ಟು ದೂರ' ಅನ್ನುವ ಮಾತು. ಬಂದೂಕು, ಬಾಂಬು, ಅಲಾರಂ, ಮೂರಕ್ಕೂ 'ಗೋ ಆಫ್' ಸಲ್ಲುತ್ತದೆ. ಅಲ್ಲಿಯವರೆಗೆ ತಡೆದು ಹಿಡಿದದ್ದು ತಟ್ಟನೆ ಬಿಟ್ಟುಕೊಳ್ಳುತ್ತದೆ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ವ್ಯಾಕರಣದವರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಕೆಲಸಕ್ಕೆ ಬಂದಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಗ್ಗೆ ಅದೇ ಮಹರಾಯ ಫ್ರಿಜ್ಜಿನ ಹಾಲೂ 'ಗಾನ್ ಆಫ್' ಅಂದ. ಯಾರು ಕುಡಿದರು ಅಂತ ಕೇಳಿದೆ. ಕೆಟ್ಟುಹೋಗಿದೆ ಮಾರಾಯ, ಯಾರು ಕುಡೀತಾರೆ ಅಂತ ನಕ್ಕ. ಕಾಫಿ ಮೇಲಿನ ಆಸೆ ಹೋದರೂ ಅವರಿಗೆ ಅದು 'ಗೋ ಆಫ್' ಅಂತೆ.

ನನ್ನದೊಬ್ಬನದೇ ಪಾಡಲ್ಲ ಬಿಡಿ. ಕ್ರಿಯಾಪದಕ್ಕೆ ಹೀಗೆ ಬಾಲ ಅಂಟಿಸುವುದೇ ಪರಭಾಷೆಯವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಅಂತ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದಾನೆ. 'ಸೆಟ್ ಆಫ್', 'ಟೇಕ್ ಆಫ್' ಅವನು ಕೊಟ್ಟ ಉದಾಹರಣೆಗಳಲ್ಲೇ ಇವೆ.

ಸಹೋದ್ಯೋಗಿಗೆ ಒಂದು ದಿನ ಸುಮ್ನೆ ನಮ್ಮ 'ಹೋಗು' ಹೇಳಿಕೊಟ್ಟೆ. ಕರೆಂಟ್ ಹೋಗುತ್ತೆ, ಬಣ್ಣ ಹೋಗುತ್ತೆ, ಮಾನ ಹೋಗುತ್ತೆ, ಹಾಲು ಕೆಟ್ಟು ಹೋಗುತ್ತೆ. ಎಲ್ಲಕ್ಕೂ ತಲೆಯಾಡಿಸಿದ. "ಸರಿ, ನೀವು ಎದ್ದು ಹೊರಡುವಾಗ ಏನಂತೀರಿ?" ಅಂತ ಕೇಳಿದ.

"ಬರ್ತೀನಿ ಅಂತೀವಿ" ಅಂದೆ.