ಅಂಗಳ ಮಟ್ಟ ಮಾಡುವ ಕೆಲಸ: ಮೂರನೆಯ ಭಾನುವಾರ

ಚಿತ್ತೆ ಮಳೆ ಹೊಡೆದಾಗಲೆಲ್ಲ ನಮ್ಮ ಅಂಗಳದ ನೀರು ರಸ್ತೆಗೆ ಹೋಗದೆ ಹೊಸ್ತಿಲಿಗೆ ಬರುತ್ತಿತ್ತು. ಪಾಂಡವಪುರದ ಕಡೆ ರಾಗಿ ಕೊಯ್ಲು ಶುರುವಾಗುವುದರೊಳಗೆ ಇದನ್ನು ಸರಿಮಾಡಿದರೆ ಕಣಕ್ಕೂ ಆಗುತ್ತದೆ ಎಂದು ದೊಡ್ಡಪ್ಪನ ಮಿನಿ ಟ್ರ್ಯಾಕ್ಟರ್ ತಂದೆ.

ಮೊದಲ ಭಾನುವಾರ ಅಳತೆಯಲ್ಲೇ ಕಳೆಯಿತು. "ಗದ್ದೆಯಲ್ಲಾದರೆ ನೀರು ಕಟ್ಟಿದೊಡನೆ ಉಬ್ಬು ತಗ್ಗು ಕಾಣುತ್ತದೆ. ಒಣನೆಲದಲ್ಲಿ ಕಣ್ಣನ್ನು ನಂಬಬೇಡ ಕಣಪ್ಪ" ಎಂದರು ದೊಡ್ಡಪ್ಪ. ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು (ಟ್ಯೂಬ್ ಲೆವೆಲ್) ತಂದು, ಗುಳ್ಳೆಗಳೆಲ್ಲ ಹೋಗುವವರೆಗೆ ಪೈಪನ್ನು ಬಡಿದು, ಗೂಟಗಳ ಮೇಲೆ ಗುರುತು ಹಾಕಿದೆ. ಸಪಾಟಾಗಿ ಕಾಣುತ್ತಿದ್ದ ಅಂಗಳದ ನಡುಭಾಗ ಹೊಸ್ತಿಲಿನ ಬುಡಕ್ಕಿಂತ 2 ಅಂಗುಲ ಎತ್ತರವಿತ್ತು! ಮನೆಯಿಂದ ರಸ್ತೆಗೆ 30 ಅಡಿ. 50 ಅಡಿಗೆ 1 ಅಡಿಯ ಲೆಕ್ಕದಲ್ಲಿ ಇಳಿಜಾರು ಕೊಡಲು ರಸ್ತೆಯ ಅಂಚು ಸುಮಾರು 7 ಅಂಗುಲ ಕೆಳಗಿರಬೇಕು. ಆ ಇಳಿಜಾರಿಗೆ ಸರಿಯಾಗಿ ಗೂಟಗಳಿಗೆ ದಾರ ಕಟ್ಟಿದೆ.

ಎರಡನೆಯ ವಾರ ಉಬ್ಬಿದ ಕಡೆಗಷ್ಟೇ ಮಣ್ಣು ಸಡಿಲಿಸುವ ರೋಟವೇಟರ್ ಹಾಕಿದೆ. ತಗ್ಗಿನ ಗಟ್ಟಿ ನೆಲವನ್ನು ಸಡಿಲಿಸಿದರೆ ಅದು ಮುಂದೆ ಕುಸಿಯುತ್ತದೆ. ಆಮೇಲೆ ಟ್ರ್ಯಾಕ್ಟರಿನ ಹಿಂದೆ ಮಣ್ಣು ಕೆರೆಯುವ ಬ್ಲೇಡ್ ಕಟ್ಟಿ ಮಣ್ಣು ಎಳೆದೆ. ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಅಂಗಳವೆಲ್ಲ ಅಲೆ ಅಲೆ. ಎಂಜಿನ್ ನಿಲ್ಲಿಸಿ ನೋಡಿದ ಮೇಲೆ ಕಾರಣ ತಿಳಿಯಿತು. ಮುಂದಿನ ಚಕ್ರ ದಿಬ್ಬ ಹತ್ತಿದಾಗ ಮೂತಿ ಮೇಲೇಳುತ್ತದೆ, ಹಿಂದಿರುವ ಬ್ಲೇಡ್ ನೆಲ ಕಚ್ಚುತ್ತದೆ. ಹಿಂದಿನ ಚಕ್ರ ಹತ್ತಿದಾಗ ಬ್ಲೇಡ್ ಮೇಲೆದ್ದು ಮಣ್ಣು ಬಿಟ್ಟುಹೋಗುತ್ತದೆ. ಒಂದು ದಿಬ್ಬ ಹೀಗೆ ಮತ್ತೊಂದನ್ನು ಹುಟ್ಟಿಸುತ್ತದೆ. ಗಾಡಿ ಗಿಡ್ಡವಾದಷ್ಟೂ ಈ ಏರಿಳಿತ ಹೆಚ್ಚು.

ಆದ್ದರಿಂದ ಈ ವಾರ ಬ್ಲೇಡ್ ಬಿಚ್ಚಿಟ್ಟೆ. ಹಳೆಯ ಕಬ್ಬಿಣದ ತೊಲೆಗಳೆರಡನ್ನು 5 ಅಡಿ ಅಂತರದಲ್ಲಿ ಒಂದರ ಹಿಂದೊಂದು ಇಟ್ಟು, ಆಂಗಲ್ ಪಟ್ಟಿಯಿಂದ ಬೆಸೆಸಿ, ಸರಪಳಿಯಿಂದ ಎಳೆದೆ. ಗದ್ದೆ ಮಟ್ಟ ಮಾಡಲು ಹಲಗೆ ಹೊಡೆಯುವ ಉಪಾಯವೇ ಇದು. ಸರಪಳಿಯಲ್ಲಿ ತೇಲುವ ಚೌಕಟ್ಟಿಗೆ ಟ್ರ್ಯಾಕ್ಟರಿನ ಏರಿಳಿತ ತಾಗುವುದಿಲ್ಲ. ಮುಂದಿನ ತೊಲೆ ಕೆರೆದ ಮಣ್ಣನ್ನು ಹಿಂದಿನದು ಗುಂಡಿಗೆ ತುಂಬುತ್ತದೆ. ಸರಪಳಿಯನ್ನು ಮಾತ್ರ ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ, ಎಳೆಯಲೆಂದೇ ಇರುವ ಪಟ್ಟಿಗೇ (ಡ್ರಾಬಾರ್) ಕಟ್ಟಬೇಕು. ಅದಕ್ಕಿಂತ ಮೇಲೆ, ಉಪಕರಣದ ಮೇಲ್ತುದಿ ಸಿಕ್ಕಿಸುವ ಟಾಪ್ ಲಿಂಕಿನ ಎತ್ತರಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿಬೀಳುತ್ತದೆ, ಪ್ರಾಣವೇ ಹೋಗಬಹುದು.

ಕೆಂಪುಮಣ್ಣಿನ ಹದವೂ ಮುಖ್ಯ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಆ ಹದದಲ್ಲಿ 4 ಅಂಗುಲಕ್ಕೊಂದು ಪದರದಂತೆ ತುಂಬಿ, ಹಿತ್ತಲಲ್ಲಿ ವರ್ಷಗಳಿಂದ ಬಿದ್ದಿದ್ದ ರೋಣಗಲ್ಲನ್ನು ಹೂಡಿ ಉರುಳಿಸಿದೆ. ಅಜ್ಜನ ಕಾಲದಲ್ಲಿ ರಾಗಿ ಒಕ್ಕಿದ ಕಲ್ಲು ಅದು. ಮೂರು ಸುತ್ತಾದ ಮೇಲೆ ಹಿಮ್ಮಡಿ ಊರಿದರೂ ಗುರುತು ಬೀಳಲಿಲ್ಲ. ಅದನ್ನು ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆ ಅವ್ವ ಹೊಸ್ತಿಲ ಬಳಿ ನಾಲ್ಕು ಕೊಡ ನೀರು ಸುರಿದು ನೋಡಿದರು. ನೀರು ತುಸು ತಡೆದು, ಹುಲ್ಲುಕಡ್ಡಿಗಳನ್ನು ಹೊತ್ತುಕೊಂಡು ರಸ್ತೆಯ ಕಡೆಗೇ ಹರಿಯಿತು. ತುಳಸಿಕಟ್ಟೆಯ ಎಡಕ್ಕೆ ಮಾತ್ರ ಮೊರದಗಲ ನಿಂತಿದೆ. ಅಲ್ಲಿಗೆ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಮುಂದಿನ ಭಾನುವಾರ ಸನಿಕೆ, ಬಾಣಲಿ ಹಿಡಿಯಬೇಕು.